ವಿಚ್ಛೇದನದ ನಂತರದ ಕಿಲೋಮೀಟರುಗಳು

ಮದುವೆಗೆ ನಮ್ಮಲ್ಲಿ ಮುಹೂರ್ತವಿದೆ, ಆಮಂತ್ರಣ ಪತ್ರಿಕೆ ಇದೆ, ಊಟದ ಪಂಕ್ತಿ ಇದೆ. ಸಾವಿಗೂ ಹದಿಮೂರು ದಿನಗಳ ಕ್ರಮವಿದೆ. ಯಾರು ಬಂದು ಕೂರಬೇಕು, ಏನು ಮಾತಾಡಬೇಕು, ಯಾವ ದಿನ ಸಿಹಿ ಮಾಡಿ ದುಃಖಕ್ಕೆ ತೆರೆ ಎಳೆಯಬೇಕು ಎಂಬುದು ಮನೆಯ ಹಿರಿಯರಿಗೆ ಗೊತ್ತು. ವಿಚ್ಛೇದನಕ್ಕೆ ಮಾತ್ರ ಇಂಥ ಯಾವ ಕ್ರಮವೂ ಇಲ್ಲ. ನ್ಯಾಯಾಲಯದ ಮುದ್ರೆ ಬಿದ್ದ ಕಾಗದ ಕೈಗೆ ಬಂದ ಮರುದಿನವೂ ಹಾಲಿನವನು ಎಂದಿನಂತೆ ಬೆಲ್ ಒತ್ತುತ್ತಾನೆ, ಲೋಕಲ್ ರೈಲು ಎಂದಿನಂತೆ ತುಂಬಿ ಬರುತ್ತದೆ, ಆಫೀಸಿನಲ್ಲಿ ಎಂದಿನಂತೆ ಸಹಿ ಹಾಕಬೇಕು.

ಕಾನೂನಿಗೆ ಅದರದೇ ಲೆಕ್ಕವಿದೆ. ಹಿಂದೂ ವಿವಾಹ ಕಾಯ್ದೆಗೆ 1976ರಲ್ಲಿ ಸೇರಿದ 13-ಬಿ ಕಲಮಿನ ಪ್ರಕಾರ ಪರಸ್ಪರ ಒಪ್ಪಿಗೆಯ ವಿಚ್ಛೇದನಕ್ಕೆ ಮೊದಲು ಒಂದು ವರ್ಷ ಬೇರೆಯಾಗಿ ಬದುಕಿರಬೇಕು. ಅರ್ಜಿ ಹಾಕಿದ ಮೇಲೆ ಇನ್ನೂ ಆರು ತಿಂಗಳು ಕಾಯಬೇಕು. ಸಂದರ್ಭ ನೋಡಿ ಆ ಆರು ತಿಂಗಳನ್ನು ಮನ್ನಾ ಮಾಡಬಹುದೆಂದು 2017ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಆದರೆ ತೀರ್ಪು ಬಂದ ನಂತರದ ತಿಂಗಳುಗಳಿಗೆ ಯಾವ ಕಲಮೂ ಇಲ್ಲ. ಅವನ್ನು ಹೇಗೆ ಕಳೆಯಬೇಕೆಂದು ವಕೀಲರು ಹೇಳಿಕೊಡುವುದಿಲ್ಲ.

ಹೊರನಾಡಿನಲ್ಲಿರುವ ನಮಗೆ ಇದರಲ್ಲಿ ಒಂದು ಅನುಕೂಲ, ಒಂದು ಅನನುಕೂಲ. ಊರಿನ ಓಣಿಯಲ್ಲಾದರೆ ಬಾಗಿಲು ತೆರೆದ ಕೂಡಲೇ ಪ್ರಶ್ನೆ ಎದುರಾಗುತ್ತದೆ. ಮುಂಬಯಿಯಲ್ಲೋ ಪುಣೆಯಲ್ಲೋ ಎದುರು ಫ್ಲ್ಯಾಟಿನವರಿಗೆ ನಮ್ಮ ಹೆಸರೇ ಗೊತ್ತಿರುವುದಿಲ್ಲ. ಆದರೆ ಅದೇ ಕಾರಣಕ್ಕೆ, ಜ್ವರ ಬಂದ ರಾತ್ರಿ ಗಂಜಿ ಮಾಡಿಕೊಡುವವರೂ ಇರುವುದಿಲ್ಲ. ಹಬ್ಬಕ್ಕೆ, ಸಂಘದ ಕಾರ್ಯಕ್ರಮಕ್ಕೆ ಜೋಡಿಯಾಗಿ ಹೋಗುತ್ತಿದ್ದವರು ಒಬ್ಬರೇ ಹೋಗಲು ಹಿಂಜರಿಯುತ್ತಾರೆ. ಎರಡು ವರ್ಷ ಹೋಗದಿದ್ದರೆ ಕರೆಯುವವರೂ ಕರೆಯುವುದನ್ನು ಬಿಡುತ್ತಾರೆ.

ಆ ಕಲಮಿಲ್ಲದ ತಿಂಗಳುಗಳನ್ನು ನಡೆದು, ಓಡಿ, ಸೈಕಲ್ ತುಳಿದು ದಾಟಿದವರ ಬಗ್ಗೆ ಈ ಬರಹ. ನಾನೂ ಅವರಲ್ಲಿ ಒಬ್ಬಳು. ಆದರೆ ನನಗಿಂತ ದೊಡ್ಡ ದಾರಿ ನಡೆದವರಿಂದ ಆರಂಭಿಸುತ್ತೇನೆ.

ಮಕ್ಕಳಿಗೆ ಹೇಳದೆ ಹೊರಟ ಅಜ್ಜಿ

ಎಮ್ಮಾ ಗೇಟ್‌ವುಡ್ ಹುಟ್ಟಿದ್ದು 1887ರಲ್ಲಿ, ಅಮೆರಿಕದ ಒಹಾಯೊ ರಾಜ್ಯದ ಒಂದು ರೈತ ಕುಟುಂಬದಲ್ಲಿ. ಹತ್ತೊಂಬತ್ತನೆಯ ವಯಸ್ಸಿನಲ್ಲಿ ಮದುವೆ. ಗಂಡ ಓದಿದವನು, ಶಾಲೆಯಲ್ಲಿ ಪಾಠ ಹೇಳಿದವನು, ಆಮೇಲೆ ತಂಬಾಕು ಬೆಳೆಯುವ ರೈತನಾದವನು. ಹೊರಗಿನವರ ಕಣ್ಣಿಗೆ ಮರ್ಯಾದಸ್ಥ, ಮನೆಯೊಳಗೆ ಹೊಡೆತ. ಮದುವೆಯಾದ ಕೆಲವೇ ತಿಂಗಳಲ್ಲಿ ಆರಂಭವಾದ ಆ ಹೊಡೆತ ಮೂರು ದಶಕಕ್ಕೂ ಹೆಚ್ಚು ಕಾಲ ನಡೆಯಿತು. ಆಕೆಯ ಹಲ್ಲು ಮುರಿದವು, ಪಕ್ಕೆಲುಬು ಬಿರುಕುಬಿಟ್ಟಿತು. ಹುಚ್ಚಾಸ್ಪತ್ರೆಗೆ ಸೇರಿಸುತ್ತೇನೆಂದು ಗಂಡ ಹೆದರಿಸುತ್ತಿದ್ದ. ಈ ನಡುವೆ ಹನ್ನೊಂದು ಮಕ್ಕಳು. ಸಂಕಟ ಮಿತಿಮೀರಿದಾಗ ಆಕೆ ಮನೆಯ ಹಿಂದಿನ ಕಾಡಿಗೆ ಓಡಿಹೋಗಿ ಕೂರುತ್ತಿದ್ದಳು. 1941ರಲ್ಲಿ ವಿಚ್ಛೇದನ ಸಿಕ್ಕಾಗ ಆಕೆಗೆ ಐವತ್ತಮೂರು ದಾಟಿತ್ತು.

ಈ ಕಥೆಯನ್ನು ಹೇಳುವವರು ಸಾಮಾನ್ಯವಾಗಿ ಇಲ್ಲಿಂದ ನೇರ 1955ಕ್ಕೆ ಜಿಗಿಯುತ್ತಾರೆ. ನನಗೆ ಮುಖ್ಯವೆನಿಸುವುದು ನಡುವಿನ ಹದಿನಾಲ್ಕು ವರ್ಷ. ಆ ಅವಧಿಯಲ್ಲಿ ಆಕೆ ಉಳಿದ ಚಿಕ್ಕ ಮಕ್ಕಳನ್ನು ದಡ ಸೇರಿಸಿದಳು, ಸಿಕ್ಕ ಕೆಲಸ ಮಾಡಿದಳು, ಬಿಡುವಿನಲ್ಲಿ ಪದ್ಯ ಬರೆದಳು. ಯಾರೂ ಆಕೆಯ ಬಗ್ಗೆ ಪತ್ರಿಕೆಯಲ್ಲಿ ಬರೆಯಲಿಲ್ಲ. ಆ ನಡುವೆ ಒಂದು ದಿನ 'ನ್ಯಾಷನಲ್ ಜಿಯಾಗ್ರಫಿಕ್' ಪತ್ರಿಕೆಯಲ್ಲಿ ಅಪಲೇಚಿಯನ್ ಟ್ರೇಲ್ ಎಂಬ ಕಾಲುದಾರಿಯ ಬಗ್ಗೆ ಓದಿದಳು. ಅಮೆರಿಕದ ಪೂರ್ವದ ಬೆಟ್ಟಸಾಲಿನ ಮೇಲೆ ಜಾರ್ಜಿಯಾದಿಂದ ಮೇನ್ ರಾಜ್ಯದವರೆಗೆ ಹೋಗುವ ದಾರಿ ಅದು. ಆಗಿನ ಉದ್ದ ಸುಮಾರು 3,300 ಕಿಲೋಮೀಟರ್. ಅದನ್ನು ಪೂರ್ತಿ ಒಂಟಿಯಾಗಿ ನಡೆದ ಹೆಂಗಸು ಅದುವರೆಗೆ ಯಾರೂ ಇರಲಿಲ್ಲ.

1954ರಲ್ಲಿ ಮೇನ್ ಕಡೆಯಿಂದ ಹೊರಟ ಎಮ್ಮಾ ದಾರಿ ತಪ್ಪಿದಳು, ಕನ್ನಡಕ ಒಡೆದುಹೋಯಿತು, ಅರಣ್ಯ ಸಿಬ್ಬಂದಿ ಮನೆಗೆ ಹೋಗು ಎಂದರು. ಹೋದಳು. ಮರುವರ್ಷ ಮೇ 3ರಂದು ಜಾರ್ಜಿಯಾದ ತುದಿಯಿಂದ ಮತ್ತೆ ಹೊರಟಳು. ವಯಸ್ಸು 67. ಮಕ್ಕಳಿಗೆ ಸ್ವಲ್ಪ ನಡೆದಾಡಿ ಬರುತ್ತೇನೆ ಎಂದು ಹೇಳಿದ್ದಳೇ ಹೊರತು ಎಲ್ಲಿಗೆ, ಎಷ್ಟು ದೂರ ಎಂದು ಹೇಳಿರಲಿಲ್ಲ. ಕಾಲಿಗೆ ಬಟ್ಟೆಯ ಕೆಡ್ಸ್ ಶೂ. ಹೆಗಲಿಗೆ ಡೆನಿಮ್ ಬಟ್ಟೆಯಲ್ಲಿ ತಾನೇ ಹೊಲಿದ ಚೀಲ. ಡೇರೆಯ ಬದಲು ಬಚ್ಚಲಮನೆಯ ಪ್ಲಾಸ್ಟಿಕ್ ಪರದೆ, ಹೊದೆಯಲು ಸೇನೆಯ ಕಂಬಳಿ. ತಿನ್ನಲು ಒಣದ್ರಾಕ್ಷಿ, ಕಡಲೆಬೀಜದಂಥ ಬೀಜಗಳು, ಡಬ್ಬಿಯ ಮಾಂಸ ಮತ್ತು ದಾರಿಬದಿಯ ಸೊಪ್ಪು. 146 ದಿನಗಳ ನಂತರ, ಸೆಪ್ಟೆಂಬರ್ 25ರಂದು, ಮೇನ್ ರಾಜ್ಯದ ಕಟಾಡಿನ್ ಶಿಖರದ ಮೇಲೆ ನಿಂತಳು.

ಕಾಕತಾಳೀಯವೊಂದನ್ನು ಹೇಳಬೇಕು. ಆಕೆ ಹೊರಟು ಹದಿನೈದು ದಿನಕ್ಕೆ, 1955ರ ಮೇ 18ರಂದು, ನಮ್ಮ ದೇಶದಲ್ಲಿ ಹಿಂದೂ ವಿವಾಹ ಕಾಯ್ದೆ ಜಾರಿಗೆ ಬಂತು. ದೇಶದ ಬಹುಪಾಲು ಹಿಂದೂ ಹೆಂಗಸರಿಗೆ ವಿಚ್ಛೇದನ ಕೇಳುವ ಹಕ್ಕು ಮೊದಲ ಬಾರಿಗೆ ಸಿಕ್ಕ ಬೇಸಿಗೆಯಲ್ಲಿ, ಆ ಹಕ್ಕನ್ನು ಬಳಸಿ ಹದಿನಾಲ್ಕು ವರ್ಷವಾಗಿದ್ದ ಒಬ್ಬ ಅಜ್ಜಿ ಭೂಮಿಯ ಇನ್ನೊಂದು ಬದಿಯಲ್ಲಿ ಬೆಟ್ಟ ಹತ್ತುತ್ತಿದ್ದಳು.

ದಾರಿಯ ಮಧ್ಯೆ ಪತ್ರಕರ್ತರು ಆಕೆಯನ್ನು ಪತ್ತೆಹಚ್ಚಿ ಪ್ರಶ್ನೆ ಕೇಳತೊಡಗಿದರು. ಯಾಕೆ ನಡೆಯುತ್ತೀರಿ ಎಂದಾಗ ಒಬ್ಬೊಬ್ಬರಿಗೆ ಒಂದೊಂದು ಉತ್ತರ ಕೊಟ್ಟಳು. ಗಂಡನ ಬಗ್ಗೆ ಕೇಳಿದರೆ ತಾನು ವಿಧವೆ ಎಂದಳು. ಆತ ಆಗ ಬದುಕಿದ್ದ! ಈ ಸಾಲನ್ನು ಮೊದಲು ಓದಿದಾಗ ನನಗೆ ನಗು ಬಂತು, ಆಮೇಲೆ ನಗು ನಿಂತಿತು. ಮೂರು ಸಾವಿರ ಕಿಲೋಮೀಟರು ಒಂಟಿಯಾಗಿ ನಡೆಯುವ ಎದೆಗಾರಿಕೆ ಇದ್ದವಳಿಗೂ 'ವಿಚ್ಛೇದಿತೆ' ಎಂಬ ಪದ ಹೇಳುವುದಕ್ಕಿಂತ 'ವಿಧವೆ' ಎನ್ನುವುದು ಸುಲಭವಾಗಿತ್ತು. ನಮ್ಮ ಎಷ್ಟು ಜನ ಹೆಣ್ಣುಮಕ್ಕಳು ಇಂದಿಗೂ 'ಅವರು ದುಬೈನಲ್ಲಿದ್ದಾರೆ' ಎಂದು ಹೇಳಿ ಮಾತು ಮುಗಿಸುವುದಿಲ್ಲ?

ಎಮ್ಮಾ ಒಂದು ಸಲಕ್ಕೆ ನಿಲ್ಲಿಸಲಿಲ್ಲ. 1957ರಲ್ಲಿ ಅದೇ ದಾರಿಯನ್ನು ಮತ್ತೆ ನಡೆದಳು. 1959ರಲ್ಲಿ ಮಿಸ್ಸೂರಿಯಿಂದ ಒರೆಗನ್‌ವರೆಗೆ ಸುಮಾರು 3,200 ಕಿಲೋಮೀಟರನ್ನು 95 ದಿನಗಳಲ್ಲಿ ಮುಗಿಸಿದಳು. 1964ರ ಹೊತ್ತಿಗೆ ಅಪಲೇಚಿಯನ್ ದಾರಿಯನ್ನು ಮೂರನೆಯ ಬಾರಿ ಪೂರೈಸಿದಳು. 1973ರಲ್ಲಿ, 85ನೆಯ ವಯಸ್ಸಿನಲ್ಲಿ ತೀರಿಕೊಂಡಳು.

261 ನಂಬರಿನ ಹುಡುಗಿ

ಎರಡನೆಯ ಹೆಸರು ಓಟಗಾರರಿಗೆಲ್ಲ ಗೊತ್ತಿರುವಂಥದ್ದು. 1967ರ ಬಾಸ್ಟನ್ ಮ್ಯಾರಥಾನ್‌ಗೆ ಇಪ್ಪತ್ತು ವರ್ಷದ ಕ್ಯಾಥರಿನ್ ಸ್ವಿಟ್ಜರ್ 'ಕೆ. ವಿ. ಸ್ವಿಟ್ಜರ್' ಎಂದು ಹೆಸರು ಕೊಟ್ಟು 261 ನಂಬರ್ ಪಡೆದಳು. ಹೆಂಗಸರು ಇಷ್ಟು ದೂರ ಓಡಲಾರರು ಎಂಬ ನಂಬಿಕೆಯ ಕಾಲ. ಓಟದ ಅಧಿಕಾರಿಯೊಬ್ಬರು ರಸ್ತೆಗಿಳಿದು ಆಕೆಯ ನಂಬರನ್ನು ಕಿತ್ತುಹಾಕಲು ನುಗ್ಗಿದರು. ಜೊತೆಗೆ ಓಡುತ್ತಿದ್ದ ಆಕೆಯ ಗೆಳೆಯ, ಹ್ಯಾಮರ್ ಎಸೆತದ ಪಟು ಟಾಮ್ ಮಿಲ್ಲರ್, ಭುಜದಿಂದ ಗುದ್ದಿ ಅವರನ್ನು ಬದಿಗೆ ಉರುಳಿಸಿದ. ಆ ಫೋಟೋ ಜಗತ್ತಿನಾದ್ಯಂತ ಅಚ್ಚಾಯಿತು.

ಫೋಟೋದಲ್ಲಿ ಕಾಣದ ಸಂಗತಿ ಇನ್ನೊಂದಿದೆ. ಸ್ವಲ್ಪ ದೂರ ಹೋದ ಮೇಲೆ ಅದೇ ಗೆಳೆಯ, ನಿನ್ನಿಂದಾಗಿ ನನ್ನ ಒಲಿಂಪಿಕ್ ಅವಕಾಶ ಹಾಳಾಯಿತು ಎಂದು ಸಿಡುಕಿ ಆಕೆಯನ್ನು ಬಿಟ್ಟು ಮುಂದೆ ಓಡಿದ. ಆಕೆ ತನ್ನ ತರಬೇತುದಾರನ ಜೊತೆ ಸುಮಾರು 4 ಗಂಟೆ 20 ನಿಮಿಷದಲ್ಲಿ ಓಟ ಮುಗಿಸಿದಳು. ಮರುವರ್ಷ ಅವರಿಬ್ಬರೂ ಮದುವೆಯಾದರು. 1973ರಲ್ಲಿ ಬೇರೆಯಾದರು.

ಬೇರೆಯಾದ ಮರುವರ್ಷ, 1974ರಲ್ಲಿ, ಸ್ವಿಟ್ಜರ್ ನ್ಯೂಯಾರ್ಕ್ ಮ್ಯಾರಥಾನ್‌ನ ಮಹಿಳೆಯರ ವಿಭಾಗ ಗೆದ್ದಳು; ಸಮಯ 3 ಗಂಟೆ 7 ನಿಮಿಷ 29 ಸೆಕೆಂಡ್. 1975ರ ಬಾಸ್ಟನ್‌ನಲ್ಲಿ 2 ಗಂಟೆ 51 ನಿಮಿಷ 37 ಸೆಕೆಂಡಿನಲ್ಲಿ ಎರಡನೆಯ ಸ್ಥಾನ. 1967ರಿಂದ ಲೆಕ್ಕ ಹಾಕಿದರೆ ಸುಮಾರು ಒಂದೂವರೆ ಗಂಟೆಯ ಸುಧಾರಣೆ. ಗಂಡನನ್ನು ಬಿಟ್ಟದ್ದರಿಂದ ವೇಗ ಹೆಚ್ಚಾಯಿತು ಎಂದು ಯಾರೂ ತೀರ್ಮಾನಿಸಬಾರದು. ವೇಗ ಬಂದದ್ದು ವರ್ಷಗಟ್ಟಲೆ ಮಾಡಿದ ಅಭ್ಯಾಸದಿಂದ. ಆದರೆ ಬಾಳು ಮುರಿದ ವರ್ಷದಲ್ಲೂ ಆ ಅಭ್ಯಾಸ ಮುರಿಯಲಿಲ್ಲ ಎಂಬುದು ಗಮನಿಸಬೇಕಾದ ವಿಷಯ. ಮುಂದೆ ಆಕೆ ಹಲವು ದೇಶಗಳಲ್ಲಿ ಹೆಂಗಸರಿಗೆಂದೇ ಓಟಗಳನ್ನು ಏರ್ಪಡಿಸಿದಳು. 1984ರ ಲಾಸ್ ಏಂಜಲಿಸ್ ಒಲಿಂಪಿಕ್ಸ್‌ನಲ್ಲಿ ಮಹಿಳೆಯರ ಮ್ಯಾರಥಾನ್ ಸೇರ್ಪಡೆಯಾಗುವುದರ ಹಿಂದೆ ಆ ಕೆಲಸವೂ ಇತ್ತು. 1987ರಲ್ಲಿ ಓಟಗಾರ ಮತ್ತು ಲೇಖಕ ರೋಜರ್ ರಾಬಿನ್ಸನ್ ಅವರನ್ನು ಮದುವೆಯಾದಳು. 2017ರಲ್ಲಿ, ಎಪ್ಪತ್ತನೆಯ ವಯಸ್ಸಿನಲ್ಲಿ, ಅದೇ 261 ನಂಬರ್ ಧರಿಸಿ ಬಾಸ್ಟನ್ ಓಡಿದಳು.

ಆನಂದದ ಹೆಸರಿನ ಅಣು

ಓಡಿದರೆ ಮನಸ್ಸು ಹಗುರಾಗುತ್ತದೆ ಎಂಬುದು ಬರೀ ಮಾತಲ್ಲ. ಬಹಳ ಕಾಲ ಇದರ ಕೀರ್ತಿ ಎಂಡಾರ್ಫಿನ್ ಎಂಬ ರಾಸಾಯನಿಕಕ್ಕೆ ಸಲ್ಲುತ್ತಿತ್ತು. ಆದರೆ ರಕ್ತದಲ್ಲಿರುವ ಎಂಡಾರ್ಫಿನ್ ಅಣು ಮಿದುಳಿನ ತಡೆಗೋಡೆಯನ್ನು ಸುಲಭವಾಗಿ ದಾಟುವುದಿಲ್ಲ. ಇತ್ತೀಚಿನ ವರ್ಷಗಳಲ್ಲಿ ವಿಜ್ಞಾನಿಗಳ ಗಮನ ಇನ್ನೊಂದು ಗುಂಪಿನ ಮೇಲೆ ಬಿದ್ದಿದೆ. ಅದರಲ್ಲೊಂದನ್ನು 1992ರಲ್ಲಿ ಜೆರುಸಲೇಮಿನ ಹೀಬ್ರೂ ವಿಶ್ವವಿದ್ಯಾಲಯದಲ್ಲಿ ರಫಾಯೆಲ್ ಮೆಶೂಲಮ್ ಅವರ ತಂಡ ಗುರುತಿಸಿತು. ಅವರು ಅದಕ್ಕೆ ಇಟ್ಟ ಹೆಸರು 'ಆನಂದಮೈಡ್'. ಹೌದು, ನಮ್ಮದೇ 'ಆನಂದ' ಪದದಿಂದ. ಮಿದುಳಿಗೆ ಸುಲಭವಾಗಿ ಸೇರಬಲ್ಲ ಈ ಅಣುವಿನ ಪ್ರಮಾಣ ಓಡುವಾಗ ರಕ್ತದಲ್ಲಿ ಏರುತ್ತದೆ.

ಇದರಲ್ಲಿ ನನಗೆ ಹಿಡಿಸಿದ ಅಂಶವೆಂದರೆ, ಆನಂದಮೈಡ್ ಹೆಚ್ಚಾಗಿ ಏರುವುದು ಮಧ್ಯಮ ವೇಗದಲ್ಲಿ. ಮೈ ಸಾಯುವಷ್ಟು ವೇಗವಾಗಿ ಓಡಿದರೆ ಅಷ್ಟು ಲಾಭವಿಲ್ಲ, ತೀರಾ ನಿಧಾನವಾಗಿ ನಡೆದರೂ ಅಷ್ಟಿಲ್ಲ. ಜೊತೆಯವರೊಂದಿಗೆ ತುಂಡು ತುಂಡಾಗಿ ಮಾತಾಡುತ್ತಾ ಓಡಬಹುದಾದ ವೇಗವೇ ಸರಿಯಾದ ವೇಗ. ಅಂದರೆ ದೇಹವೇ ಹೇಳುತ್ತಿದೆ: ನಿನ್ನನ್ನು ನೀನು ದಂಡಿಸಬೇಡ.

ಇನ್ನುಳಿದ ಲಾಭಗಳು ಸರಳವಾದವು. ಬೆಳಿಗ್ಗೆ ಐದಕ್ಕೆ ಏಳಬೇಕಾದವರು ರಾತ್ರಿ ಹತ್ತಕ್ಕೆ ಮಲಗಲೇಬೇಕು; ಹನ್ನೊಂದರಿಂದ ಎರಡರವರೆಗೆ ಹಳೆಯ ಮೆಸೇಜುಗಳನ್ನು ತಿರುವಿಹಾಕುವ ಸಮಯ ತಾನಾಗಿಯೇ ಇಲ್ಲವಾಗುತ್ತದೆ. ಒಬ್ಬರಿಗಾಗಿ ಏನು ಅಡುಗೆ ಮಾಡುವುದು ಎಂದು ಬ್ರೆಡ್ಡು ತಿಂದು ಮಲಗುತ್ತಿದ್ದವರು, ನಾಳೆ ಹದಿನೈದು ಕಿಲೋಮೀಟರು ಇದೆ ಎಂದಾಗ ಅನ್ನ ಬೇಯಿಸುತ್ತಾರೆ. ದುಃಖದಲ್ಲಿ ಮೊದಲು ಕೆಡುವುದು ನಿದ್ದೆ ಮತ್ತು ಊಟ. ಓಟ ಆ ಎರಡನ್ನೂ ಸದ್ದಿಲ್ಲದೆ ಸರಿಪಡಿಸುತ್ತದೆ.

ಅರ್ಜಿಯ ಒಂದು ಖಾನೆ

ಹದಿನಾಲ್ಕು ವರ್ಷದ ಸಂಸಾರ ಮುಗಿದಾಗ ನನಗೆ ನಲವತ್ತೊಂದು, ಮಗಳಿಗೆ ಹನ್ನೊಂದು. ನನ್ನ ಮೊದಲ ಗುರಿ ಓಟವಾಗಿರಲಿಲ್ಲ. ವಾರಕ್ಕೆರಡು ದಿನ ಮಗಳು ತಂದೆಯ ಮನೆಗೆ ಹೋಗುತ್ತಿದ್ದಳು. ಆ ದಿನಗಳಲ್ಲಿ ಬೆಳಗ್ಗೆ ಮನೆ ಎಷ್ಟು ನಿಶ್ಶಬ್ದವಾಗಿರುತ್ತಿತ್ತೆಂದರೆ ಫ್ರಿಜ್ಜಿನ ಸದ್ದು ಕೇಳುತ್ತಿತ್ತು. ಅದನ್ನು ತಪ್ಪಿಸಿಕೊಳ್ಳಲು ಡೊಂಬಿವಲಿಯ ರಸ್ತೆಗಳಲ್ಲಿ ನಡೆಯತೊಡಗಿದೆ. ಎರಡು ಕಿಲೋಮೀಟರು ನಾಲ್ಕಾಯಿತು. ಒಂದು ದಿನ ಮಳೆ ಬಂತೆಂದು ಓಡಿದೆ. ಮಳೆ ನಿಂತ ಮೇಲೂ ಓಡಿದೆ.

ಆಮೇಲೆ ಒಂದು ಗುಂಪಿಗೆ ಸೇರಿಕೊಂಡೆ. ಮರಾಠಿಗರು, ಗುಜರಾತಿಗಳು, ತಮಿಳರು, ನನ್ನಂಥ ಒಂದಿಬ್ಬರು ಕನ್ನಡಿಗರು. ಅಲ್ಲಿ ಹೊಸಬರಿಗೆ ಕೇಳುವ ಪ್ರಶ್ನೆಗಳು ಎರಡೇ: ಪೇಸ್ ಎಷ್ಟು? ಮುಂದಿನ ಓಟ ಯಾವುದು? ಗಂಡ ಏನು ಮಾಡ್ತಾರೆ ಎಂದು ಕೇಳುವಷ್ಟು ಉಸಿರು ಯಾರಲ್ಲೂ ಇರಲಿಲ್ಲ. ಆರು ತಿಂಗಳ ನಂತರ ನಾನೇ ಹೇಳಿದೆ. ಪಕ್ಕದಲ್ಲಿ ಓಡುತ್ತಿದ್ದ ನಿವೃತ್ತ ಶಿಕ್ಷಕಿಯೊಬ್ಬರು ಹೂಂಗುಟ್ಟಿದರು. ಸ್ವಲ್ಪ ದೂರ ಹೋದ ಮೇಲೆ, ಮುಂದೆ ಏರು ಇದೆ, ಹೆಜ್ಜೆ ಚಿಕ್ಕದು ಮಾಡು ಎಂದರು. ಅದಕ್ಕಿಂತ ಒಳ್ಳೆಯ ಸಾಂತ್ವನ ಆ ವರ್ಷ ನನಗೆ ಸಿಕ್ಕಿರಲಿಲ್ಲ.

ಮೊದಲ ಹಾಫ್ ಮ್ಯಾರಥಾನ್‌ಗೆ ಅರ್ಜಿ ತುಂಬಲು ಕುಳಿತ ರಾತ್ರಿ ಒಂದು ಖಾನೆಯಲ್ಲಿ ಕೈ ನಿಂತಿತು. ಹೆಸರು, ಹುಟ್ಟಿದ ದಿನಾಂಕ, ಟೀಶರ್ಟಿನ ಅಳತೆ, ರಕ್ತದ ಗುಂಪು ಎಲ್ಲ ಆಯಿತು. ತುರ್ತು ಸಂದರ್ಭದಲ್ಲಿ ಯಾರಿಗೆ ತಿಳಿಸಬೇಕು? ಅವರೊಂದಿಗೆ ನಿಮ್ಮ ಸಂಬಂಧವೇನು? ಹದಿನಾಲ್ಕು ವರ್ಷ ಬ್ಯಾಂಕಿನಲ್ಲಿ, ಶಾಲೆಯಲ್ಲಿ, ಆಸ್ಪತ್ರೆಯಲ್ಲಿ ಯೋಚಿಸದೆ ಬರೆದ ಹೆಸರು ಒಂದೇ. ಮಗಳು ಇನ್ನೂ ಚಿಕ್ಕವಳು. ಅಮ್ಮ ಹುಬ್ಬಳ್ಳಿಯಲ್ಲಿ, ಬೆಳಗಿನ ಜಾವ ಹಿಂದಿಯಲ್ಲಿ ಯಾರೋ ಫೋನ್ ಮಾಡಿದರೆ ಆಕೆಯೇ ಬಿದ್ದುಬಿಡುತ್ತಾಳೆ. ಖಾಲಿ ಬಿಟ್ಟರೆ ಅರ್ಜಿ ಮುಂದೆ ಹೋಗುವುದಿಲ್ಲ.

ಮರುದಿನ ನೆರೆಮನೆಯಾಕೆಯ ಬಾಗಿಲು ತಟ್ಟಿ ಕೇಳಿದೆ. ಏಳು ವರ್ಷದ ಪರಿಚಯ. ಸಕ್ಕರೆ, ಕೊತ್ತಂಬರಿಯ ಲೇವಾದೇವಿ ಬಿಟ್ಟರೆ ಹೆಚ್ಚು ಮಾತಿರಲಿಲ್ಲ. ಬರೆಯಿರಿ, ಅದಕ್ಕೇನು, ಓಟ ಮುಗಿದ ಮೇಲೆ ಒಂದು ಫೋನ್ ಮಾಡಿ, ನಾನು ಕಾಯುತ್ತಿರುತ್ತೇನೆ ಎಂದರು. ಸಂಬಂಧದ ಜಾಗದಲ್ಲಿ 'ನೆರೆಮನೆ' ಎಂದು ಬರೆದೆ. ಎಷ್ಟೋ ದಿನಗಳ ನಂತರ ಆ ರಾತ್ರಿ ಸಮಾಧಾನವಾಗಿ ಮಲಗಿದೆ. ನಾನು ಎಲ್ಲಾದರೂ ಬಿದ್ದರೆ ಒಂದು ಫೋನ್ ರಿಂಗಣಿಸುತ್ತದೆ ಎಂಬ ಭರವಸೆಗೆ ಎಷ್ಟು ಬೆಲೆ ಎಂದು ಆವರೆಗೆ ಗೊತ್ತಿರಲಿಲ್ಲ.

ಅಮ್ಮನದು ಬೇರೆ ಕಥೆ. "ಈ ವಯಸ್ಸಿನ್ಯಾಗ ರಸ್ತ್ಯಾಗ ಓಡ್ತಿಯಂತ, ಮಂದಿ ಏನಂತಾರ?" ಎಂಬಲ್ಲಿಂದ ಶುರುವಾಗಿತ್ತು. ಎರಡು ವರ್ಷ ನಮ್ಮ ಫೋನ್ ಮಾತೆಲ್ಲ ಒಂದೇ ವಿಷಯದ ಸುತ್ತ ತಿರುಗುತ್ತಿತ್ತು: ಎಲ್ಲಿ ತಪ್ಪಾಯಿತು, ಯಾರು ತಗ್ಗಬೇಕಿತ್ತು. ಒಂದು ಭಾನುವಾರ ಆಕೆ ಫೋನೆತ್ತಿದ ಕೂಡಲೇ "ಇವತ್ತ ಎಷ್ಟ್ ಕಿಲೋಮೀಟರ್ ಆತು?" ಎಂದಳು. ಹದಿನೆಂಟು ಎಂದೆ. "ಧಾರವಾಡ ಮುಟ್ಟಿದಂಗ ಆತಲ್ಲ!" ಎಂದು ನಕ್ಕಳು. ನಮ್ಮಿಬ್ಬರ ನಡುವೆ ಮಾತಾಡಲು ಬೇರೊಂದು ವಿಷಯ ಹುಟ್ಟಿತ್ತು.

ನಡುವಿನ ದಾರಿ

ಮುಂಬಯಿ ಮ್ಯಾರಥಾನ್ 2004ರಲ್ಲಿ ಆರಂಭವಾಯಿತು; ಸಾಮಾನ್ಯವಾಗಿ ಜನವರಿಯಲ್ಲಿ ನಡೆಯುತ್ತದೆ. ಛತ್ರಪತಿ ಶಿವಾಜಿ ಮಹಾರಾಜ್ ಟರ್ಮಿನಸ್ ಎದುರಿನ ಆರಂಭ ಕಣ್ಣಿಗೆ ಹಬ್ಬ. ಕೊನೆಯ ಗೆರೆಯಲ್ಲೂ ಜನ, ಡೋಲು, ಪದಕ. ಓಟದ ನಿಜವಾದ ಪರೀಕ್ಷೆ ಇರುವುದು ಇವೆರಡರ ನಡುವೆ. ದೇಹ ಕೂಡಿಟ್ಟ ಗ್ಲೈಕೋಜನ್ ಸುಮಾರು ಮೂವತ್ತು ಕಿಲೋಮೀಟರಿನ ಹೊತ್ತಿಗೆ ಬರಿದಾಗುತ್ತಾ ಬರುತ್ತದೆ, ಕಾಲು ಸೀಸದಂತಾಗುತ್ತದೆ. ಸರಿಯಾಗಿ ಆ ನಂತರವೇ ಪೆಡ್ಡರ್ ರಸ್ತೆಯ ಏರು ಎದುರಾಗುತ್ತದೆ. ಅಲ್ಲಿ ನಿಂತ ನಿವಾಸಿಗಳು ಕಿತ್ತಳೆ ತೊಳೆ, ಬಿಸ್ಕೀಟು, ನೀರು ಹಿಡಿದು ಗುರುತಿಲ್ಲದವರನ್ನು ಹೆಸರು ಹಿಡಿದು ಕೂಗುತ್ತಾರೆ. ಹೆಸರು ಎದೆಯ ಮೇಲಿನ ಚೀಟಿಯಲ್ಲಿ ಇರುತ್ತದೆ.

ವಿಚ್ಛೇದನವೂ ಹೀಗೆಯೇ ಅನಿಸುತ್ತದೆ. ಆರಂಭದ ಜಗಳಕ್ಕೆ ಎಲ್ಲರೂ ಸಾಕ್ಷಿ. ತೀರ್ಪಿನ ದಿನವೂ ನಾಲ್ಕು ಜನ ಜೊತೆಗಿರುತ್ತಾರೆ. ಅದರ ನಂತರದ ಮೂವತ್ತನೆಯ ಕಿಲೋಮೀಟರಿನಲ್ಲಿ, ಕೂಡಿಟ್ಟ ಧೈರ್ಯವೆಲ್ಲ ಮುಗಿದಾಗ, ರಸ್ತೆ ಖಾಲಿ. ದೂರದ ಆಟಗಳು ಕಲಿಸುವುದು ಈ ಖಾಲಿ ರಸ್ತೆಯಲ್ಲಿ ಹೇಗಿರಬೇಕೆಂಬುದನ್ನು. ಒಟ್ಟು ಎಷ್ಟು ಉಳಿದಿದೆ ಎಂದು ಲೆಕ್ಕ ಹಾಕಿದರೆ ಕಾಲು ನಿಲ್ಲುತ್ತದೆ. ಮುಂದಿನ ದೀಪದ ಕಂಬ, ಮುಂದಿನ ನೀರಿನ ಮೇಜು ಎಂದರೆ ಸಾಗುತ್ತದೆ.

ಸೈಕಲ್‌ನ 'ಬ್ರೆವೆ' ಸವಾರಿಗಳಲ್ಲಿ ಇದು ಇನ್ನೂ ಸ್ಪಷ್ಟ. 200 ಕಿಲೋಮೀಟರಿಗೆ ಹದಿಮೂರೂವರೆ ಗಂಟೆ, 600 ಕಿಲೋಮೀಟರಿಗೆ 40 ಗಂಟೆ ಎಂಬ ಮಿತಿ ಇದೆ. ಮೊದಲು ಬಂದವರಿಗೆ ಬಹುಮಾನವಿಲ್ಲ. ಮಿತಿಯೊಳಗೆ ಮುಗಿಸಿದವರೆಲ್ಲ ಸಮಾನರು. ಪಂಕ್ಚರ್ ಆದರೆ ನೀವೇ ಹಾಕಿಕೊಳ್ಳಬೇಕು. ಆದರೆ ರಾತ್ರಿ ಎರಡಕ್ಕೆ ಹೆದ್ದಾರಿಯ ಢಾಬಾದಲ್ಲಿ ಅಪರಿಚಿತ ಸವಾರನೊಬ್ಬ ತನ್ನ ಚಹಾದಲ್ಲಿ ಅರ್ಧ ಕೊಡುತ್ತಾನೆ. ಸ್ವಂತ ಕಾಲ ಮೇಲೆ ನಿಲ್ಲುವುದೆಂದರೆ ಒಂಟಿಯಾಗಿರುವುದು ಎಂದೇನೂ ಅಲ್ಲ ಎಂಬ ಪಾಠ ಅಲ್ಲಿ ಸಿಗುತ್ತದೆ.

ಗಂಡಸರ ವಿಷಯವನ್ನು ಬಿಡುವಂತಿಲ್ಲ. ಬೇರೆಯಾದ ಹೆಂಗಸಿಗೆ ಅಳಲು ಅಕ್ಕನೋ ಗೆಳತಿಯೋ ಸಿಗುತ್ತಾರೆ. ಗಂಡಸಿಗೆ ಸಿಗುವುದು ಬಹುಪಾಲು 'ಹೋಗಲಿ ಬಿಡು, ಒಂದು ಪೆಗ್ ಹಾಕು' ಎನ್ನುವ ಸಲಹೆ. ಎದುರಾಬದುರಾ ಕುಳಿತು ಮಾತಾಡಲಾಗದವರು ಪಕ್ಕಪಕ್ಕ ಓಡುತ್ತಾ ಮಾತಾಡಬಲ್ಲರು ಎಂಬುದನ್ನು ನಾನು ಗುಂಪಿನಲ್ಲಿ ಎಷ್ಟೋ ಸಲ ಕಂಡಿದ್ದೇನೆ. ಕಣ್ಣಲ್ಲಿ ಕಣ್ಣಿಡಬೇಕಾಗಿಲ್ಲ, ಕಣ್ಣೀರು ಬಂದರೆ ಬೆವರು ಎನ್ನಬಹುದು. ಸಾರ್ವಜನಿಕವಾಗಿ ಗೊತ್ತಿರುವ ಉದಾಹರಣೆ ಬೇಕಾದರೆ ನಮ್ಮ ಮುಂಬಯಿಯ ಮಿಲಿಂದ್ ಸೋಮಣ್ ಇದ್ದಾರೆ. 2009ರಲ್ಲಿ ಅವರ ಮೊದಲ ಮದುವೆ ಮುಗಿಯಿತು. 2015ರಲ್ಲಿ, ಐವತ್ತರ ಹೊಸ್ತಿಲಲ್ಲಿ, ಅವರು ಜ್ಯೂರಿಕ್‌ನ ಐರನ್‌ಮ್ಯಾನ್ ಮುಗಿಸಿದರು: 3.8 ಕಿಲೋಮೀಟರು ಈಜು, 180 ಕಿಲೋಮೀಟರು ಸೈಕಲ್, ಅದರ ಮೇಲೆ ಒಂದು ಪೂರ್ಣ ಮ್ಯಾರಥಾನ್. 2018ರಲ್ಲಿ ಮತ್ತೆ ಮದುವೆಯಾದರು. ಒಂದರಿಂದ ಇನ್ನೊಂದಾಯಿತು ಎಂದು ನಾನು ಹೇಳುತ್ತಿಲ್ಲ. ನಲವತ್ತರ ನಂತರವೂ ಬಾಳಿನಲ್ಲಿ ಹೊಸ ಪುಟಗಳಿರುತ್ತವೆ ಎಂಬುದಕ್ಕೆ ಅವರು ಸಾಕ್ಷಿ, ಅಷ್ಟೇ.

ಓಟ ಮಾಡದ ಕೆಲಸಗಳು

ಇಷ್ಟೆಲ್ಲ ಹೇಳಿದ ಮೇಲೆ ಕೆಲವು ಎಚ್ಚರಿಕೆಗಳೂ ಬೇಕು. ಓಟ ಜೀವನಾಂಶದ ಪ್ರಕರಣವನ್ನು ಬಗೆಹರಿಸುವುದಿಲ್ಲ. ಮಕ್ಕಳ ಪ್ರಶ್ನೆಗಳಿಗೆ ಉತ್ತರ ಕೊಡುವುದಿಲ್ಲ. ಕೆಲವರು ಮನೆಯ ಮೌನದಿಂದ ತಪ್ಪಿಸಿಕೊಳ್ಳಲು ವಾರದ ಏಳೂ ದಿನ ಓಡುತ್ತಾರೆ, ಊಟ ಕಡಿಮೆ ಮಾಡುತ್ತಾರೆ, ನೋವನ್ನು ನೋವಿನಿಂದಲೇ ಮರೆಯಲು ನೋಡುತ್ತಾರೆ. ಮೂಳೆಯಲ್ಲಿ ಕೂದಲೆಳೆಯ ಬಿರುಕು ಬಿದ್ದು ಮೂರು ತಿಂಗಳು ಮಂಚ ಹಿಡಿದಾಗ ಆ ಮೌನ ಇಮ್ಮಡಿಯಾಗಿ ಮರಳುತ್ತದೆ. ವಿಶ್ರಾಂತಿಯ ದಿನವೂ ತರಬೇತಿಯ ಭಾಗವೇ. ಮನೆಯಲ್ಲಿ ಮಗುವಿದ್ದರೆ ಭಾನುವಾರದ ಬೆಳಗು ಆ ಮಗುವಿಗೂ ಸೇರಿದ್ದು ಎಂಬುದನ್ನು ಮರೆಯಬಾರದು.

ಎರಡು ವಾರ ಕಳೆದರೂ ನಿದ್ದೆ ಇಲ್ಲ, ಹಸಿವಿಲ್ಲ, ಯಾವುದರಲ್ಲೂ ಮನಸ್ಸಿಲ್ಲ ಎಂದಾದರೆ ಅದಕ್ಕೆ ಶೂ ಮದ್ದಲ್ಲ, ವೈದ್ಯರನ್ನು ಕಾಣಬೇಕು. ಕೇಂದ್ರ ಸರ್ಕಾರದ 'ಟೆಲಿ ಮಾನಸ್' ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲಾದರೂ ಉಚಿತವಾಗಿ ಕರೆ ಮಾಡಬಹುದು. ಆಪ್ತಸಲಹೆಯೂ ಓಟವೂ ಒಟ್ಟಿಗೆ ನಡೆಯಬಹುದು. ನನ್ನದು ನಡೆಯಿತು.

ಎಲ್ಲಿಂದ ಶುರು?

ಮನೆಯ ಗೇಟಿನಿಂದ. ವಿಶ್ವ ಆರೋಗ್ಯ ಸಂಸ್ಥೆ ವಯಸ್ಕರಿಗೆ ಹೇಳುವುದು ವಾರಕ್ಕೆ 150ರಿಂದ 300 ನಿಮಿಷಗಳ ಮಧ್ಯಮ ಶ್ರಮ. ದಿನಕ್ಕೆ ಅರ್ಧ ಗಂಟೆಯಂತೆ ಐದು ದಿನ ಬಿರುಸಾಗಿ ನಡೆದರೂ ಸಾಕು. ಮೊದಲ ತಿಂಗಳು ನಡಿಗೆ ಮಾತ್ರ. ಆಮೇಲೆ ಒಂದು ನಿಮಿಷ ಓಟ, ಎರಡು ನಿಮಿಷ ನಡಿಗೆ. ನಲವತ್ತು ದಾಟಿದವರು, ರಕ್ತದೊತ್ತಡ ಅಥವಾ ಸಕ್ಕರೆ ಕಾಯಿಲೆ ಇರುವವರು ವೈದ್ಯರಿಗೆ ತೋರಿಸಿಯೇ ಓಟಕ್ಕಿಳಿಯಬೇಕು. ಖರ್ಚು ಮಾಡುವುದಿದ್ದರೆ ಒಳ್ಳೆಯ ಶೂಗೆ ಮಾಡಿ. ಗಡಿಯಾರ, ಕನ್ನಡಕ ಎಲ್ಲ ಆಮೇಲೆ. ಹೆಂಗಸರು ಕತ್ತಲಲ್ಲಿ ಒಬ್ಬರೇ ಹೋಗುವುದಕ್ಕಿಂತ ಗುಂಪು ಹುಡುಕಿಕೊಳ್ಳುವುದು ಲೇಸು.

ಗುಂಪುಗಳಿಗೇನೂ ಬರವಿಲ್ಲ. ಮುಂಬಯಿಯ ಶಿವಾಜಿ ಪಾರ್ಕ್, ಮರೀನ್ ಡ್ರೈವ್, ಬೋರಿವಲಿಯ ರಾಷ್ಟ್ರೀಯ ಉದ್ಯಾನ. ಪುಣೆಯ ವೇತಾಳ ಟೇಕಡಿ. ಹೈದರಾಬಾದಿನ ಕೆಬಿಆರ್ ಪಾರ್ಕ್, ನೆಕ್ಲೆಸ್ ರಸ್ತೆ. ಚೆನ್ನೈನ ಬೆಸೆಂಟ್ ನಗರ ಕಡಲತೀರ. ದಿಲ್ಲಿಯ ಲೋಧಿ ಗಾರ್ಡನ್, ನೆಹರೂ ಪಾರ್ಕ್. ಯಾವುದಾದರೂ ಭಾನುವಾರ ಬೆಳಗ್ಗೆ ಆರಕ್ಕೆ ಹೋಗಿ ನಿಂತರೆ ಯಾರಾದರೂ ಮಾತಾಡಿಸುತ್ತಾರೆ. ಮಾಟುಂಗದ ಫೈವ್ ಗಾರ್ಡನ್ಸ್ ಸುತ್ತ ಓಡಿದರೆ ಕೊನೆಗೆ ಉಡುಪಿ ಹೋಟೆಲಿನ ಬಿಸಿ ಇಡ್ಲಿ, ಫಿಲ್ಟರ್ ಕಾಫಿ ಇದ್ದೇ ಇದೆ. ಹನ್ನೆರಡು ಕಿಲೋಮೀಟರ್ ಓಡಿ ಬಂದವರಿಗೆ ಆ ಕಾಫಿಯ ರುಚಿಯೇ ಬೇರೆ. ಬಹಳ ದಿನಗಳ ನಂತರ ಯಾವುದಾದರೂ ಒಂದು ರುಚಿ ನಾಲಿಗೆಗೆ ಹತ್ತಿತಲ್ಲ ಎಂದು ಗೊತ್ತಾಗುವ ಕ್ಷಣ ಅದು. ಸಂತೋಷ ಮರಳುವುದು ಹೆಚ್ಚಾಗಿ ಹೀಗೆಯೇ, ಪದಕದ ಜೊತೆ ಅಲ್ಲ, ಯಾವುದೋ ಸಾಮಾನ್ಯ ಭಾನುವಾರ, ಕಾಫಿ ಲೋಟದ ಜೊತೆ.

ಕೊನೆಯ ಮಾತು ವಿಚ್ಛೇದನವಾದವರಿಗಲ್ಲ, ಉಳಿದವರಿಗೆ. ನಿಮ್ಮ ಕಟ್ಟಡದಲ್ಲಿ, ನಿಮ್ಮ ಕನ್ನಡ ಸಂಘದಲ್ಲಿ ಇತ್ತೀಚೆಗೆ ಬರುವುದನ್ನು ನಿಲ್ಲಿಸಿದವರು ಯಾರಾದರೂ ಇರುತ್ತಾರೆ. ಏನಾಯಿತು ಎಂದು ಕೇಳಬೇಡಿ. ನಾಳೆ ಬೆಳಗ್ಗೆ ವಾಕಿಂಗ್ ಹೋಗುತ್ತಿದ್ದೇನೆ, ಬರುತ್ತೀರಾ ಎಂದು ಕೇಳಿ. ಮತ್ತು ಅವರು ಯಾವುದಾದರೂ ಅರ್ಜಿ ಹಿಡಿದು ನಿಮ್ಮ ಬಾಗಿಲು ತಟ್ಟಿದರೆ, ಆ ಖಾನೆಯಲ್ಲಿ ನಿಮ್ಮ ಹೆಸರು ಬರೆದುಕೊಳ್ಳಲು ಹೇಳಿ.